ತವಮಣಿಯ ಕೈಗುಣ

ತವಮಣಿಯ ಎರಡೂ ಕೈಗಳಿಗೆ ತೊನ್ನು. ಬೆರಳ ತುದಿಯಿಂದ ಮೊಣಕೈಯವರೆಗೆ ಸುಣ್ಣದ ನೀರು ಸಿಡಿದಂತೆ ಅಲ್ಲಲ್ಲಿ ಬಿಳಿ. ಮುಖದ ಮೇಲೆ ಒಂದು ಚುಕ್ಕೆಯಿಲ್ಲ. ಹೆಣ್ಣು ನೋಡಲು ಬಂದವರು ಮುಖ ನೋಡಿ ತಲೆಯಾಡಿಸಿ, ಕಾಫಿ ಲೋಟ ಹಿಡಿದ ಕೈ ನೋಡಿ ಎದ್ದು ಹೋಗುತ್ತಿದ್ದರು. ಹೀಗೆ ಕೆಲವು ಸಲ ಆದ ಮೇಲೆ ಅವಳ ಅವ್ವ ಕಾಫಿಯನ್ನು ತಾನೇ ತಂದುಕೊಡತೊಡಗಿದಳು. ಆಮೇಲೆ ಬರುವವರೂ ನಿಂತರು.

ರಿಪೇರಿ ಅಂಗಡಿಗಳೇ ತುಂಬಿದ ನಮ್ಮ ರಿಚಿ ಸ್ಟ್ರೀಟಿಗೆ ಕಂಪ್ಯೂಟರ್ ಬರುವ ಮುಂಚೆ ಇದ್ದದ್ದು ರೇಡಿಯೋ. ತವಮಣಿಯ ಅಪ್ಪ ಮುರುಗಯ್ಯನ್ ಪಕ್ಕದ ನರಸಿಂಗಪುರಂ ಬೀದಿಯ ತಿರುವಿನಲ್ಲಿ ಒಂದು ಮೇಜು ಹಾಕಿಕೊಂಡು ರೇಡಿಯೋ ರಿಪೇರಿ ಮಾಡುತ್ತಿದ್ದ. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ ಕೂರುವಳು. ಬೆಸುಗೆ ಕಡ್ಡಿ ಹಿಡಿಯುವುದನ್ನು ಅವನೇ ಕಲಿಸಿದ. ಅವನು ಸತ್ತಾಗ, ವೇಲನ್ ಸಿಸ್ಟಮ್ಸ್ ಎಂಬ ಅಂಗಡಿಯ ಸಿಂಗಾರವೇಲು ಅವಳನ್ನು ಕರೆದು ಕೆಲಸ ಕೊಟ್ಟ. ಪುಣ್ಯಾತ್ಮ ಎಂದು ಬೀದಿಯೆಲ್ಲ ಹೊಗಳಿತು. ಆದರೆ ಅವಳನ್ನು ಕೂರಿಸಿದ್ದು ಪ್ಲೈವುಡ್ ಅಡ್ಡಗೋಡೆಯ ಹಿಂದೆ. ಗಿರಾಕಿಗಳ ಎದುರು ಬರಬೇಕಾದಾಗ ಹಾಕಿಕೊಳ್ಳಲು ಒಂದು ಜೊತೆ ಕಪ್ಪು ಕೈಗವಸನ್ನೂ ಕೊಟ್ಟಿದ್ದ.

"ತಪ್ಪು ತಿಳ್ಕೋಬೇಡ ತವಮಣಿ," ಎಂದಿದ್ದ. "ನಂಗೇನೂ ಇಲ್ಲ. ವ್ಯಾಪಾರ ನೋಡು, ಜನ ಬೇರೆ ಥರ."

ನನ್ನದು ಅದೇ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ಪ್ರಿಂಟರುಗಳಿಗೆ ಶಾಯಿ ತುಂಬುತ್ತೇನೆ. ನನ್ನ ಕೈಗಳೂ ವರ್ಷವಿಡೀ ಕಪ್ಪು, ನೀಲಿ. ಅದನ್ನು ಯಾರೂ ತಿರುಗಿ ನೋಡಿದವರಿಲ್ಲ.

ಹತ್ತು ಹನ್ನೆರಡು ವರ್ಷ ಅವಳು ಆ ಅಡ್ಡಗೋಡೆಯ ಹಿಂದೆ ದುಡಿದಳು. ಬೇರೆ ಅಂಗಡಿಯವರು ಕೈಚೆಲ್ಲಿದ ಮದರ್‌ಬೋರ್ಡುಗಳನ್ನು ಸಿಂಗಾರವೇಲು ಒಳಗೆ ತಂದು ಇಡುತ್ತಿದ್ದ, ಸಂಜೆಗೆ ಜೀವ ಬಂದಿರುತ್ತಿತ್ತು. ಹೊರಗೆ ಅದು ತನ್ನ ಕೆಲಸವೆಂದೇ ಹೇಳುತ್ತಿದ್ದ. ಅವಳು ಅದಕ್ಕೆ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ನನ್ನ ಮೆಟ್ಟಿಲಿಗೆ ಬಂದು ಕೂತು ಪುಳಿಸಾದಂ ತಿನ್ನುವಾಗ ಒಮ್ಮೊಮ್ಮೆ ನಗುತ್ತಿದ್ದಳು: "ಅಣ್ಣಾ, ಇವತ್ತು ನಮ್ಮ ಯಜಮಾನ್ರು ಎಂಥ ರಿಪೇರಿ ಮಾಡಿದ್ರು ಗೊತ್ತಾ? ಪಾಪ, ಅವರಿಗೇ ಗೊತ್ತಿಲ್ಲ."

ಹೀಗಿರುತ್ತ ಒಂದು ವರ್ಷ ಆಡಿ ಮಾಸದಲ್ಲಿ, ಅಂದರೆ ಆಷಾಢದಲ್ಲಿ, ಊರಿನ ಬಟ್ಟೆ ಅಂಗಡಿಗಳೆಲ್ಲ ರಿಯಾಯಿತಿಯ ಬೋರ್ಡು ಹಾಕಿದಾಗ ಸಿಂಗಾರವೇಲುವೂ ಒಂದು ಹಾಕಿದ. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಹೊಸ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ, ಕಂಪ್ಯೂಟರ್ ಕುದುರೆಯಂತೆ ಓಡುತ್ತದೆ, ಅದನ್ನು ನಡೆಸುವ ಓಎಸ್ ಹಾಕುವ ಕೂಲಿ ಪುಕ್ಕಟೆ. ಮಾಲು ಬಂದರಿನ ಕಡೆಯಿಂದ ಗೋಣಿಚೀಲದಲ್ಲಿ ಬಿಲ್ಲಿಲ್ಲದೆ ಬಂದಿತ್ತು. ನಮ್ಮ ಸಾಲಿನ ಏಳೆಂಟು ಅಂಗಡಿಯವರು ಹಂಚಿಕೊಂಡಿದ್ದರು.

ಮೊದಲನೆಯದರಲ್ಲೇ ಓಎಸ್ ಇಳಿಯಲಿಲ್ಲ. ಪರದೆಯ ಮೇಲೆ ಗೆರೆ ಅರ್ಧ ದಾರಿ ಓಡಿ ನಿಂತು, ಫೈಲು ಸಿಗುತ್ತಿಲ್ಲ ಇಲ್ಲವೇ ಕೆಟ್ಟಿದೆ ಎಂಬ ಸಾಲು ಬಂತು. ಎರಡನೆಯದೂ ಹಾಗೆ. ಮೂರನೆಯದು ಕೊನೆಯವರೆಗೆ ಹೋಗಿ, ಮತ್ತೆ ಹಚ್ಚಿದಾಗ ಕಣ್ಣೇ ಬಿಡಲಿಲ್ಲ. ತವಮಣಿ ಪೆನ್‌ಡ್ರೈವ್ ಬದಲಾಯಿಸಿದಳು. ಕೇಬಲ್ ಬದಲಾಯಿಸಿದಳು. ಹೊರಗೆ ಬೆಂಚಿನ ಮೇಲೆ ಗಿರಾಕಿಗಳು ಸಾಲಾಗಿ ಕೂತಿದ್ದರು.

ಅವರಲ್ಲಿ ಕದಿರೇಶ ಒಬ್ಬ. ಪೆರಂಬೂರಿನವನು, ಮದುವೆಗಳ ಫೋಟೋ, ವಿಡಿಯೋ ತೆಗೆಯುವವನು. ಆಡಿಯಲ್ಲಿ ಮದುವೆಯಿಲ್ಲ, ಮುಂದಿನ ತಿಂಗಳು ಆವಣಿ ಹುಟ್ಟಿದರೆ ಉಸಿರಾಡಲು ಬಿಡುವಿಲ್ಲ. ಅಷ್ಟರೊಳಗೆ ತನ್ನ ಕಂಪ್ಯೂಟರಿಗೆ ದೊಡ್ಡ ಎಸ್‌ಎಸ್‌ಡಿ ಹಾಕಿಸಿಕೊಳ್ಳಲು ಬಂದಿದ್ದ.

"ಏನಪ್ಪಾ ಸಿಂಗಾರವೇಲು, ಬೆಳಿಗ್ಗೆಯಿಂದ ಕೂತಿದೀನಿ," ಎಂದು ಅವನು ಕೂಗಿದ. "ನನ್ನ ಮದುವೇಲೇ ನಾನು ಇಷ್ಟು ಹೊತ್ತು ಕೂತಿರ್ಲಿಲ್ಲ. ಮಾಲು ಖೋಟಾನೋ ಹೆಂಗೆ?"

ಬೆಂಚಿನ ಮೇಲಿದ್ದ ಉಳಿದವರೂ ತಲೆಯೆತ್ತಿದರು. ಸಿಂಗಾರವೇಲು ಅಡ್ಡಗೋಡೆಯ ಕಡೆ ಕಣ್ಣು ಹೊರಳಿಸಿ ದನಿ ತಗ್ಗಿಸಿದ. ತಗ್ಗಿಸಿದ್ದು ಬೀದಿಗೆ ಕೇಳುವಷ್ಟೇ.

"ಮಾಲು ಬಂಗಾರ ಸಾರ್. ಒಳಗಿರೋಳ ಕೈಗುಣ ಸರಿಯಿಲ್ಲ. ಅವರಪ್ಪನ ಮುಖ ನೋಡಿ ಇಟ್ಕೊಂಡಿದೀನಿ, ಏನ್ ಮಾಡ್ಲಿ? ಆ ಕೈ ನೋಡಿದ್ರೆ ನಿಮಗೇ ಗೊತ್ತಾಗುತ್ತೆ." ಆಮೇಲೆ ಜೋರಾಗಿ, "ತವಮಣಿ, ಬಾಮ್ಮಾ ಹೊರಗೆ. ಕೈಗವಸು ಬೇಡ, ಹಂಗೇ ಬಾ."

ಅವಳು ಬಂದಳು. ಬೆಂಚಿನಲ್ಲಿದ್ದವರೆಲ್ಲ ಅವಳ ಕೈ ನೋಡಿದರು. ಒಬ್ಬಳು ಹೆಂಗಸು ತನ್ನ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು, "ನಂದು ಇವಳು ಮುಟ್ಟೋದು ಬೇಡಪ್ಪಾ," ಎಂದಳು. ಖೋಟಾ ಮಾಲಿನ ಮಾತು ಅಲ್ಲಿಗೆ ಮುಗಿಯಿತು.

ಒಂದು ಸುಳ್ಳು ಕಚ್ಚಿಕೊಂಡರೆ ಬೀದಿ ಅದನ್ನು ಬೇಗ ಬಿಡುವುದಿಲ್ಲ. ಬಿಲ್ಲಿಲ್ಲದ ಮಾಲು ಹಂಚಿಕೊಂಡ ಉಳಿದ ಅಂಗಡಿಗಳಲ್ಲೂ ಓಎಸ್ ಇಳಿಯುತ್ತಿರಲಿಲ್ಲ. ಅವರೂ, "ವೇಲನ್ ಅಂಗಡಿಯ ಆ ಹುಡುಗಿ ಬೆಳಿಗ್ಗೆ ಈ ಕಡೆ ಹಾದುಹೋದಳು" ಎಂದು ಗಿರಾಕಿಗಳಿಗೆ ಹೇಳತೊಡಗಿದರು. ಎದುರಿನ ಮಾನಿಟರ್ ಅಂಗಡಿಯ ಬೋಸ್, "ತಾಯೀ, ನಮ್ಮ ಬಾಗಿಲು ದಾಟೋವಾಗ ಕೈ ಕಟ್ಕೊಂಡು ಹೋಗಮ್ಮಾ, ಇರೋ ನಾಲ್ಕು ಮಾನಿಟರೂ ಕಣ್ಣು ಮುಚ್ಚಿಬಿಟ್ಟಾವು!" ಎಂದು ಕೂಗಿ ಸಾಲೆಲ್ಲ ನಗಿಸಿದ. ಚಹಾದವನು ಅವಳ ಲೋಟವನ್ನು ಬೇರೆ ಮೊಳೆಗೆ ತೂಗುಹಾಕಿದ.

ಶುಕ್ರವಾರ ಸಿಂಗಾರವೇಲು ಪರೀಕ್ಷೆ ಇಟ್ಟ. ಕೆಲಸದ ಬೆಂಚಿಗೆ ಕುಂಕುಮ ಹಚ್ಚಿದ ನಿಂಬೆಹಣ್ಣು ಕಟ್ಟಿ, ಕರ್ಪೂರ ಬೆಳಗಿ, ಬಾಗಿಲಲ್ಲಿ ಬೂದುಗುಂಬಳ ಒಡೆದ. ತವಮಣಿಯನ್ನು ಹೊರಗೆ ಬಿಸಿಲಿನಲ್ಲಿ ನಿಲ್ಲಲು ಹೇಳಿದ. ಅವಳು ನನ್ನ ಗೂಡಿನ ಎದುರೇ ನಿಂತಿದ್ದಳು. ಜನ ಸೇರಿದರು. ಅವನು ಡಬ್ಬಿಯಿಂದ ಒಂದು ಡ್ರೈವ್ ತೆಗೆದು ತಾನೇ ಜೋಡಿಸಿ, ತಾನೇ ಗುಂಡಿ ಒತ್ತಿದ. ಹತ್ತಿಪ್ಪತ್ತು ನಿಮಿಷದಲ್ಲಿ ಓಎಸ್ ಇಳಿದು ಪರದೆ ಬೆಳಗಿತು. ಜನ ಚಪ್ಪಾಳೆ ತಟ್ಟಿದರು, ಯಾರೋ ಶಿಳ್ಳೆ ಹಾಕಿದರು.

"ನೋಡಿದ್ರಾ? ನಾನೇನಾದ್ರೂ ಸುಳ್ಳು ಹೇಳಿದ್ನಾ?" ಎಂದ ಸಿಂಗಾರವೇಲು.

ತವಮಣಿ ನನ್ನ ಕಡೆ ತಿರುಗಿದಳು. "ಅಣ್ಣಾ, ನಿಜವಾಗ್ಲೂ ನನ್ನ ಕೈಯೇ ಇರಬಹುದಾ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಹನ್ನೆರಡು ವರ್ಷ ಸತ್ತ ಯಂತ್ರಗಳನ್ನು ಎಬ್ಬಿಸಿದ ಕೈಗಳನ್ನು ಮುಂದಕ್ಕೆ ಚಾಚಿ, ಅವು ಬೇರೆ ಯಾರದ್ದೋ ಎಂಬಂತೆ ನೋಡಿಕೊಳ್ಳುತ್ತಿದ್ದಳು.

ಸಂಜೆ ಅಳುತ್ತಲೇ ಒಳಗೆ ಕಸ ತೆಗೆಯುವಾಗ ಅವಳಿಗೆ ಪರೀಕ್ಷೆಯ ಆ ಡ್ರೈವಿನ ಡಬ್ಬಿ ಸಿಕ್ಕಿತು. ಗೋಣಿಚೀಲದ ಡಬ್ಬಿಗಳಂಥದ್ದಲ್ಲ, ಬಿಲ್ಲಿನ ಜೊತೆ ಬಂದ ಹಳೆಯ ಅಸಲಿ ಮಾಲಿನದು. ಅಲ್ಲಿಗೆ ಅವಳ ಅಳು ನಿಂತಿತು.

ಸಿಂಗಾರವೇಲು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಒಂದು ನಿದ್ದೆ ತೆಗೆದೇ ಬರುವವನು. ಅವಳು ಮರುದಿನದಿಂದ ಆ ಹೊತ್ತನ್ನು ಹಿಡಿದುಕೊಂಡಳು. ಕದಿರೇಶ ಅಂಗಡಿಯಲ್ಲೇ ಬಿಟ್ಟುಹೋಗಿದ್ದ ಕಂಪ್ಯೂಟರಿಗೆ ಒಂದು ಹಳೆಯ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಓಎಸ್ ಹಾಕಿದಳು. ಇಳಿಯಿತು. ಅಲ್ಲಿಗೆ ಕಂಪ್ಯೂಟರ್ ಸರಿ, ಪೆನ್‌ಡ್ರೈವ್ ಸರಿ, ತನ್ನ ಕೈಯೂ ಸರಿ. ಗೋಣಿಚೀಲದ ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿದಳು, ಇಳಿಯಲಿಲ್ಲ. ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ನೋಡಿದಳು, ಒಳಗಿನ ಸೆಟ್ಟಿಂಗುಗಳನ್ನು ತಿರುಗಿಸಿ ನೋಡಿದಳು. ಒಂದೊಂದು ಸಲ ಒಂದೊಂದು ಜಾಗದಲ್ಲಿ ನಿಲ್ಲುತ್ತಿತ್ತು. ಕೊನೆಗೆ, ಇಡೀ ಡ್ರೈವಿಗೆ ಹರಡದೆ ಮುಂಭಾಗದಲ್ಲಿ ಒಂದು ಚಿಕ್ಕ ಭಾಗ ಮಾತ್ರ ಮಾಡಿ ಅದರೊಳಗೆ ಓಎಸ್ ಹಾಕಿದಳು. ಗೆರೆ ಎಲ್ಲೂ ನಿಲ್ಲದೆ ಓಡಿತು.

ಉಳಿದ ಜಾಗಕ್ಕೆ ಒಂದರ ಮೇಲೊಂದು ಸಿನಿಮಾ ತುಂಬಿದಳು. ಎಲ್ಲ ಹೋಗಿ ಕೂತಂತೆ ಕಂಡಿತು. ಮೊದಲು ಹಾಕಿದ್ದನ್ನು ತೆರೆದರೆ ಬರೀ ಬೂದಿ ಬಣ್ಣ. ಹೊಸತು ಬಂದಂತೆ ಹಳೆಯದರ ಮೇಲೇ ಕೂರುತ್ತಿತ್ತು. ಸ್ಕ್ರೂ ಬಿಚ್ಚಿ ಡ್ರೈವಿನ ಮೇಲಿನ ಡಬ್ಬಿ ತೆರೆದಳು. ಒಳಗೆ ಹೆಬ್ಬೆರಳುದ್ದದ ಒಂದು ಪಟ್ಟಿ, ಅದರ ಮೇಲೆ ಹಳೇ ಫೋನಿಗೆ ಹಾಕುವಂಥ ಒಂದು ಮೆಮೊರಿ ಕಾರ್ಡು. ಕೈಗೆ ಭಾರ ಹತ್ತಲೆಂದು ಅಂಟು ಹಾಕಿ ಕೂರಿಸಿದ ಕಬ್ಬಿಣದ ತುಂಡು. ಪಾವು ಅಕ್ಕಿ ಹಿಡಿಯುವ ಡಬ್ಬಿಯ ಮೇಲೆ ಮೂಟೆ ಎಂದು ಬರೆದಂತೆ.

ಸಿಂಗಾರವೇಲು ವೀಳ್ಯ ಅಗಿಯುತ್ತಾ ಬಂದಾಗ ಅವಳು ಅದನ್ನೆಲ್ಲ ಕೆಲಸದ ಬೆಂಚಿನ ಮೇಲೆ ಹರಡಿಟ್ಟಿದ್ದಳು. ಆ ದಿನ ನಾನು ಅವರ ಪ್ರಿಂಟರಿಗೆ ಶಾಯಿ ತುಂಬಲು ಒಳಗೇ ಇದ್ದೆ.

"ಅಣ್ಣಾ, ತಪ್ಪು ನನ್ನ ಕೈದಲ್ಲ. ಇದು ನೋಡಿ. ನಿಮಗೆ ಮೋಸ ಆಗಿದೆ."

ಅವನು ಕಬ್ಬಿಣದ ತುಂಡನ್ನು ಉಗುರಿನಿಂದ ಮೀಟಿ ನೋಡಿದ. "ನಂಗೆ ಗೊತ್ತಿಲ್ವಾ?" ಎಂದ. "ಆ ಬೆಲೆಗೆ ಇನ್ನೇನು ಬರುತ್ತೆ, ಕೊಹಿನೂರಾ?"

ಅವಳ ಬಾಯಿ ತೆರೆದೇ ಇತ್ತು. "ಗೊತ್ತಿದ್ದೂ ಎಲ್ಲರ ಮುಂದೆ ನನ್ನ ಬಿಸಿಲಲ್ಲಿ ನಿಲ್ಸಿದ್ರಾ?"

"ಬೈಗುಳ ಯಾರ ಮೇಲಾದ್ರೂ ಬೀಳ್ಬೇಕಲ್ಲಮ್ಮಾ. ನಿಂಗೆ ಅಭ್ಯಾಸ ಇದೆ." ಆಮೇಲೆ ಅವನ ಕಣ್ಣು ಪರದೆಯ ಮೇಲೆ ಬಿತ್ತು. ಅಲ್ಲಿ ಓಎಸ್ ಹೊಳೆಯುತ್ತಿತ್ತು. "ಅರೆ, ಇದು ಹೆಂಗೆ ಇಳೀತು?"

ಅವಳು ಹೇಳಿದಳು. ಹೇಳಬಾರದಿತ್ತು. ಆದರೆ ಹೇಗೆ ಮಾಡಿದೆ ಎಂದು ಅವಳನ್ನು ಆ ಅಂಗಡಿಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.

ಸಿಂಗಾರವೇಲು ಕುರ್ಚಿ ಎಳೆದುಕೊಂಡು ಕೂತು ಇನ್ನೊಂದು ಸಲ ಹೇಳಿಸಿಕೊಂಡ. ಮುಂದಿನ ಚಿಕ್ಕ ಭಾಗದಲ್ಲಿ ಓಎಸ್. ಉಳಿದದ್ದು ಡಿ ಡ್ರೈವ್ ಎಂದು ದೊಡ್ಡದಾಗಿ ಕಾಣುತ್ತದೆ. ಅದು ತುಂಬುವವರೆಗೆ ಗಿರಾಕಿಗೆ ಏನೂ ತಿಳಿಯದು. ತುಂಬುವ ಹೊತ್ತಿಗೆ ಯಾರ ಗ್ಯಾರಂಟಿ ಯಾರಿಗೆ ನೆನಪಿರುತ್ತದೆ? ಅವನು ತೊಡೆ ತಟ್ಟಿ ನಕ್ಕ.

"ಮುರುಗಯ್ಯನ್ ಮಗಳಲ್ವಾ ನೀನು! ಎಲ್ಲಾನೂ ಹಿಂಗೇ ಮಾಡು. ಮೊದ್ಲು ಕದಿರೇಶಂದು."

"ಅದ್ರಲ್ಲಿ ಜನ ಮದುವೆ ಹಾಕಿಡ್ತಾರಣ್ಣಾ."

"ಹಾಕಿಡ್ಲಿ. ನಿನ್ನ ಮದುವೆಯಂತೂ ಅದ್ರಲ್ಲಿರಲ್ಲ."

ಅವಳು ಮಾಡಿದಳು. ಅವನು ಹಿಂದೆಯೇ ನಿಂತಿದ್ದ. ಮನೆಯಲ್ಲಿ ಅವ್ವನ ಮಾತ್ರೆಗಳು, ಹೌಸಿಂಗ್ ಬೋರ್ಡಿನ ಬಾಡಿಗೆ. ಆದರೆ ಕದಿರೇಶ ಕಂಪ್ಯೂಟರನ್ನು ಸ್ಕೂಟರಿಗೆ ಕಟ್ಟಿಕೊಳ್ಳುವಾಗ ಅವಳು ಹೊರಗೆ ಓಡಿಬಂದಳು.

"ಸಾರ್, ಡಿ ಡ್ರೈವಿಗೆ ಏನೂ ಹಾಕ್ಬೇಡಿ. ಹಾಕಿದ್ದು ಉಳಿಯಲ್ಲ. ದಮ್ಮಯ್ಯ, ಕ್ಯಾಮೆರಾ ಕಾರ್ಡ್ ಅಳಿಸ್ಬೇಡಿ."

ಅವನು ಅವಳ ಮುಖವನ್ನೂ ಕೈಯನ್ನೂ ನೋಡಿದ. "ಹೊಸ ಸಾಮಾನು ತಗೊಂಡು ಹೊರಡೋ ಹೊತ್ತಿಗೆ ಹೇಳೋ ಮಾತಾ ಇದು?" ಎಂದು ಹಿಂದಕ್ಕೆ ತಿರುಗಿ ಕೂಗಿದ. "ಸಿಂಗಾರವೇಲು! ಬಾಯಿಗೂ ಒಂದು ಗವಸು ಹಾಕ್ಸಪ್ಪಾ ಇವಳಿಗೆ!"

ಅವತ್ತೇ ಅವಳ ಕೆಲಸ ಹೋಯಿತು. ಸಾಲಿನ ಅಂಗಡಿಗಳಲ್ಲಿ ಕೇಳಿದಳು. ಯಾರೂ ಇಲ್ಲವೆನ್ನಲಿಲ್ಲ, ಆಡಿ ಕಳೆಯಲಿ ಎಂದರು. ಆಡಿ ಕಳೆಯಿತು. ಅವಳು ನನ್ನ ಗೂಡಿನ ಪಕ್ಕ ಮೆಟ್ಟಿಲ ಕೊನೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಚಾರ್ಜರ್, ಹೆಡ್‌ಫೋನ್ ರಿಪೇರಿ ಮಾಡತೊಡಗಿದಳು. ಊರ ಹೊರಗಿನಿಂದ ಬಂದವರು ಕೊಡುತ್ತಿದ್ದರು. ಬೀದಿಯವರು ಕೊಡುತ್ತಿರಲಿಲ್ಲ.

ಆವಣಿಯಲ್ಲಿ ಕದಿರೇಶ ತೆಗೆದ ಮದುವೆಗಳಲ್ಲಿ ಯಾಳಿನಿ ಎಂಬ ಹುಡುಗಿಯದೂ ಒಂದು. ಮದುವೆಯಾಗಿ ತಿಂಗಳೊಳಗೆ ಅವಳ ಅಪ್ಪ ಬಸ್ ಸ್ಟಾಪಿನಲ್ಲಿ ನಿಂತವನು ನಿಂತಂತೆಯೇ ಬಿದ್ದು ತೀರಿಕೊಂಡ. ಮಗಳ ಕೈ ಹಿಡಿದು ಧಾರೆ ಎರೆಯುತ್ತ ಅತ್ತದ್ದು, ಹಂದರದಲ್ಲಿ ನಾದಸ್ವರದವರ ಎದುರು ಕುಣಿದದ್ದು, ಎಲ್ಲವೂ ಕದಿರೇಶನ ಡಿ ಡ್ರೈವಿನಲ್ಲಿತ್ತು. ಕ್ಯಾಮೆರಾ ಕಾರ್ಡುಗಳನ್ನು ಅಳಿಸಿ ಅವನು ಮುಂದಿನ ಮದುವೆಗಳಿಗೆ ಹೋಗಿದ್ದ. ತೆರೆದು ನೋಡಿದರೆ ಬೂದಿ.

ಅವಳು ಅಳುತ್ತ ಸ್ಟುಡಿಯೋಗೆ ಬಂದಾಗ ಕದಿರೇಶ ಅವಳನ್ನು ನೇರ ನಮ್ಮ ಬೀದಿಗೆ ಕರೆತಂದ. ಸಿಂಗಾರವೇಲು ಇಬ್ಬರಿಗೂ ಚಹಾ ತರಿಸಿ, ಎಲ್ಲ ಕೇಳಿ, ಹಣೆ ಬಡಿದುಕೊಂಡ. ಆಮೇಲೆ ಮೆಟ್ಟಿಲ ಕಡೆ ಬೆರಳು ತೋರಿಸಿದ.

ಕದಿರೇಶನೇ ಮೊದಲು ಕೂಗಿದ್ದು. "ಇವಳೇ ಕಣಮ್ಮಾ! ಗಾಡಿ ಹತ್ತೋವಾಗ ಹಿಂದಿನಿಂದ ಬಂದು 'ಉಳಿಯಲ್ಲ' ಅಂದ್ಲು. ಕರಿನಾಲಿಗೆ! ಅಂದ ಹಂಗೇ ಆಯ್ತು ನೋಡು!"

ಯಾಳಿನಿ ಇನ್ನೂ ಅರಿಶಿನದ ದಾರ ಮಾಸದ ಹುಡುಗಿ. ಅವಳು ಬಂದು ತವಮಣಿಯ ಎರಡೂ ಕೈಗಳನ್ನು ಹಿಡಿದು ತಿರುಚಿದಳು. "ನಮ್ಮಪ್ಪ ನಿಂಗೇನು ಮಾಡಿದ್ರೇ? ನಿನ್ನ ಈ ಕೊಳೆತ ಕೈ ಮುಟ್ಟೋಕೆ ನಮ್ಮಪ್ಪನೇ ಬೇಕಿತ್ತಾ?"

ತವಮಣಿ ಕೈ ಬಿಡಿಸಿಕೊಳ್ಳಲಿಲ್ಲ. ಆ ಹುಡುಗಿಯ ಕಣ್ಣನ್ನೇ ನೋಡುತ್ತ ಆತುರದಿಂದ ಹೇಳಿದಳು: "ತಾಯೀ, ಇಲ್ಕೇಳು. ಕೊನೇಲಿ ಹಾಕಿದ್ದು ಉಳಿದಿರುತ್ತೆ. ಹಳೇದ್ರ ಮೇಲೆ ಹೊಸದು ಕೂತಿರುತ್ತೆ ಅಷ್ಟೇ. ನಿಮ್ಮದಾದ್ಮೇಲೆ ಎಷ್ಟು ಮದುವೆ ಹಾಕಿದ್ರು? ಸ್ವಲ್ಪನಾದ್ರೂ ಸಿಗಬಹುದು. ಡ್ರೈವ್ ನಂಗೆ ಕೊಡಿ, ನಾನು ನೋಡ್ತೀನಿ. ನಿಮ್ಮಪ್ಪ ಒಂದು ಸಲ ತಿರುಗಿ ನೋಡಿರೋದು ಸಿಕ್ಕಿದ್ರೂ..."

ಯಾಳಿನಿಯ ಹಿಡಿತ ಸ್ವಲ್ಪ ಸಡಿಲವಾಯಿತು. ಅವಳು ಕದಿರೇಶನ ಕಡೆ ನೋಡಿದಳು. ಕಂಪ್ಯೂಟರಿನಿಂದ ಬಿಚ್ಚಿ ತಂದ ಡ್ರೈವ್ ಅವನ ಜೇಬಿನಲ್ಲಿತ್ತು.

"ನೋಡಿದ್ರಾ, ಮತ್ತೆ ಕೈ ಹಾಕೋಕೆ ನೋಡ್ತಿದಾಳೆ," ಎಂದ ಸಿಂಗಾರವೇಲು. ಅವನ ದನಿ ತುಂಬ ಮೆತ್ತಗಿತ್ತು. "ಹೋಗಿದ್ದು ಹೋಯ್ತು ತಂಗಿ. ಸತ್ತೋರ ನೆನಪಿನ ಜೊತೆ ಇನ್ನೊಂದು ಸಲ ಆಟ ಆಡೋಕೆ ಬಿಡ್ತೀಯಾ? ಸಾರ್, ಆ ದರಿದ್ರದ್ದು ನಂಗೆ ಕೊಡಿ. ಹೊಸದೊಂದು ನಾನೇ ಕೊಡ್ತೀನಿ, ಪುಕ್ಕಟೆ. ಇದು ಮನೇಲಿರೋದೂ ಬೇಡ."

ಕದಿರೇಶ ಕೊಟ್ಟ. ಸಿಂಗಾರವೇಲು ಅದನ್ನು ಮೆಟ್ಟಿಲ ಕಲ್ಲಿನ ಮೇಲಿಟ್ಟು ಬೂಟಿನ ಹಿಮ್ಮಡಿಯಿಂದ ತುಳಿದ. ಪ್ಲಾಸ್ಟಿಕ್ ಬಿರಿಯಿತು. ಇನ್ನೊಂದು ಸಲ ತುಳಿದ. ಕಬ್ಬಿಣದ ತುಂಡು ಉರುಳಿ ಚರಂಡಿಯ ಕಡೆ ಹೋಯಿತು. ಅದೇನೆಂದು ಯಾರೂ ನೋಡಲಿಲ್ಲ. "ಅಯ್ಯೋ, ಬೇಡಣ್ಣಾ!" ಎಂದು ತವಮಣಿ ಮುಂದಕ್ಕೆ ಬಿದ್ದು, ಆ ಉಗುರಗಲದ ಕಾರ್ಡನ್ನು ಹೆಕ್ಕಿದಳು. ಅದು ಎರಡು ತುಂಡಾಗಿತ್ತು.

ಯಾಳಿನಿ ಸಿಂಗಾರವೇಲುವಿಗೆ ಕೈಮುಗಿದಳು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತಣ್ಣಾ," ಎಂದಳು. ಹೋಗುವಾಗ ತವಮಣಿಯ ಸ್ಟೂಲಿನ ಮುಂದೆ ಉಗಿದು ಹೋದಳು.

ಕಬ್ಬಿಣದ ತುಂಡು ತಂದು ತೋರಿಸೋಣವೆಂದು ನಾನು ಎದ್ದೆ. ತವಮಣಿ ನನ್ನ ತೋಳು ಹಿಡಿದು ಕೂರಿಸಿದಳು. "ಬೇಡಣ್ಣಾ. ಆ ಹುಡುಗಿಗೆ ಈಗ ಬಯ್ಯೋಕೆ ಒಬ್ಬಳಾದ್ರೂ ಸಿಕ್ಕಿದಾಳೆ. ಅಪ್ಪನ ಚಿತ್ರ ಸಿಗೋ ಹಂಗಿತ್ತು, ತಾನೇ ತುಳಿಯೋಕೆ ಬಿಟ್ಟೆ ಅಂತ ಗೊತ್ತಾದ್ರೆ ಹೆಂಗೆ ಮಲಗ್ತಾಳೆ?"

ಸುದ್ದಿ ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ಕೂತಿದ್ದಳು. ಮಗಳು ಎಲ್ಲ ವಿವರಿಸಿದಳು: ಕಾರ್ಡು, ಕಬ್ಬಿಣ, ಸಿಂಗಾರವೇಲು ಆಡಿದ ಮಾತು. ಮುದುಕಿ ಕೊನೆಯವರೆಗೂ ಕೇಳಿದಳು. ಆಮೇಲೆ, "ಅದೆಲ್ಲ ಸರಿ ಮಗಾ. ಆದ್ರೂ ನೀನು ಉಳಿಯಲ್ಲ ಅಂತ ಬಾಯಿಬಿಟ್ಟು ಯಾಕೆ ಅಂದೆ?" ಎಂದು ಕೇಳಿದಳು. ಅವ್ವನ ಈ ಮಾತಿನಿಂದ ಬಿದ್ದಂಥ ಪೆಟ್ಟು ಬೀದಿಯಲ್ಲಿ ಯಾವತ್ತೂ ಬಿದ್ದಿರಲಿಲ್ಲ ಎಂದು ತವಮಣಿ ನನಗೆ ಎಷ್ಟೋ ಕಾಲದ ಮೇಲೆ ಹೇಳಿದಳು.

ಮರುದಿನದಿಂದ ಅವಳು ಬೀದಿಗೆ ಬರಲಿಲ್ಲ. ಸಿಂಗಾರವೇಲು ಗೋಣಿಚೀಲದ ಮಾಲನ್ನೆಲ್ಲ ಅವಳು ಕಂಡುಹಿಡಿದ ರೀತಿಯಲ್ಲೇ ಖಾಲಿ ಮಾಡಿದ. ಉಪಾಯವನ್ನು ಸಾಲಿನವರಿಗೂ ಹೇಳಿಕೊಟ್ಟ. ಪೊಂಗಲ್ ಹೊತ್ತಿಗೆ ಪಕ್ಕದ ಮಳಿಗೆಯ ಗೋಡೆ ಒಡೆಸಿ ಅಂಗಡಿ ದೊಡ್ಡದು ಮಾಡಿ ಎಸಿ ಹಾಕಿಸಿದ. ಯಾರಾದರೂ ಹಾಳಾದ ಡ್ರೈವ್ ಹಿಡಿದು ಜಗಳಕ್ಕೆ ಬಂದರೆ, "ಮುಂಚೆ ಒಬ್ಬಳಿದ್ಲು, ಅವಳ ಕಾಲದ್ದು" ಎಂದು ಕಳಿಸುತ್ತಿದ್ದ.

ತವಮಣಿ ಈಗ ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ ಕೂರುತ್ತಾಳೆ. ನೆಲದ ಮೇಲೆ ತಾರ್ಪಾಲು ಹಾಸಿ ಹಳೇ ಬೋರ್ಡು, ಕೇಬಲ್, ಸತ್ತ ಡ್ರೈವುಗಳ ರಾಶಿ ಹಾಕಿಕೊಂಡು ತೂಕಕ್ಕೆ ಮಾರುತ್ತಾಳೆ. ಕೈಗವಸು ಹಾಕುವುದಿಲ್ಲ. ಮಾತು ಮೊದಲಿಗಿಂತ ಒರಟಾಗಿದೆ. ಅವ್ವ ಹೋಗಿ ವರ್ಷವಾಯಿತು. ನಾನು ಖಾಲಿ ಶಾಯಿ ಡಬ್ಬಿ ಹುಡುಕಿಕೊಂಡು ಆಗಾಗ ಹೋಗುತ್ತೇನೆ.

ಹೋದ ಸಲ ಹೋದಾಗ, ಬಿಸಿಲಿಗೆ ಕೊಡೆ ಬಿಚ್ಚಿಕೊಂಡು ಕೂತಿದ್ದವಳು ನನ್ನನ್ನು ಕಂಡು, "ಬನ್ನಿ ಅಣ್ಣಾ, ಒಂದು ತಮಾಷೆ ಹೇಳ್ತೀನಿ," ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಬೆಳಿಗ್ಗೆ ಒಬ್ಬ ನಡುವಯಸ್ಸಿನ ವ್ಯಾಪಾರಿ ಬಂದಿದ್ದನಂತೆ. ಎಸ್‌ಎಸ್‌ಡಿಯ ಬರೀ ಮೇಲಿನ ಡಬ್ಬಿಗಳಿದ್ದರೆ ಎಷ್ಟಿದ್ದರೂ ಕೊಡು ಎಂದನಂತೆ.

"ಒಳಗೇನೂ ಇಲ್ಲದ ಡಬ್ಬಿ ಯಾತಕ್ಕಣ್ಣಾ ಅಂದೆ. 'ಒಳಗೆ ಏನಾದ್ರೂ ಇಟ್ಕೋತೀವಿ. ಮೇಲೊಂದು ತವಮಣಿ ಹಾಕಿಬಿಟ್ರೆ ಆಯ್ತು, ಆರು ತಿಂಗಳು ಗಿರಾಕಿ ತಿರುಗಿ ಬರಲ್ಲ' ಅಂದ."

ನನಗೆ ಗೊತ್ತಿತ್ತು. ಮುಂದೆ ಚಿಕ್ಕ ಭಾಗ ಮಾಡಿ ಓಎಸ್ ಇಳಿಸುವುದಕ್ಕೆ ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಅವಳಿಗೆ ನಾನು ಅದನ್ನು ಹೇಳಿರಲಿಲ್ಲ.

"ತವಮಣಿ ಅಂದ್ರೆ ಏನು ಅಂತ ಕೇಳ್ದೆ. 'ಅದೊಂದು ಸಾಫ್ಟ್‌ವೇರ್ ಅಕ್ಕಾ, ನಿಮಗೆ ಅದೆಲ್ಲ ಗೊತ್ತಾಗಲ್ಲ' ಅಂದ." ಅವಳು ಜೋರಾಗಿ ನಕ್ಕಳು. ನಗು ನಿಲ್ಲುವವರೆಗೆ ನಾನು ಬೇರೆ ಕಡೆ ನೋಡುತ್ತ ಕೂತೆ.

"ಡಬ್ಬಿ ಕೊಟ್ಯಾ?" ಎಂದೆ.

"ಇಲ್ಲಣ್ಣಾ, ಕೊಡಲಿಲ್ಲ," ಎಂದಳು. "ಪಕ್ಕದವನು ಕೊಟ್ಟ."